ಬಾಣಲೆಯಲ್ಲಿ ಉಳಿದ ಎಣ್ಣೆ

ಇಫ್ತಾರ್‌ಗೆಂದು ಸಮೋಸಾ, ಪಕೋಡಾ ಕರಿದು ಮುಗಿದಿದೆ. ಬಾಣಲೆಯಲ್ಲಿ ಇನ್ನೂ ಅರ್ಧ ಲೀಟರಿನಷ್ಟು ಎಣ್ಣೆ ಉಳಿದಿದೆ. ನೀವೇನು ಮಾಡುತ್ತೀರಿ? ಹೆಚ್ಚಿನ ಮನೆಗಳಲ್ಲಿ ಅದು ತಣಿದ ಮೇಲೆ ಡಬ್ಬಿ ಸೇರುತ್ತದೆ. ಮರುದಿನ ಅದಕ್ಕೇ ಸ್ವಲ್ಪ ಹೊಸ ಎಣ್ಣೆ ಸುರಿದು ಮತ್ತೆ ಒಲೆಯ ಮೇಲಿಡುತ್ತೇವೆ. ರಮಝಾನ್ ಮುಗಿಯುವವರೆಗೂ ಆ ಡಬ್ಬಿ ಖಾಲಿಯಾಗುವುದಿಲ್ಲ. ನಾನೂ ಹಲವು ವರ್ಷ ಹೀಗೆಯೇ ಮಾಡಿದವಳು. ದುಡ್ಡು ಕೊಟ್ಟು ತಂದ ಎಣ್ಣೆಯನ್ನು ಚೆಲ್ಲಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಅಂಗಡಿಯಲ್ಲಿ ಎಣ್ಣೆ ಆರಿಸುವಾಗ ಮಾತ್ರ ನಾವು ಬಹಳ ಜಾಗ್ರತೆ. ಪ್ಯಾಕೆಟ್ ಮೇಲೆ ‘ಕೊಲೆಸ್ಟ್ರಾಲ್ ಇಲ್ಲ’ ಎಂದಿದ್ದರೆ ಸಮಾಧಾನ. ಆದರೆ ಯಾವ ಸಸ್ಯದ ಎಣ್ಣೆಯಲ್ಲೂ ಹೇಳಿಕೊಳ್ಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ! ನೋಡಬೇಕಾದದ್ದು ಅದರಲ್ಲಿರುವ ಕೊಬ್ಬು ಯಾವ ಬಗೆಯದು ಎಂಬುದನ್ನು. ಕರಾವಳಿಯ ನಮಗೆ ಮೀನು ಸಾರಿಗೆ ತೆಂಗಿನೆಣ್ಣೆಯೇ ಆಗಬೇಕು. ಅದರ ಕೊಬ್ಬಿನಲ್ಲಿ ಸುಮಾರು ಶೇ. 90ರಷ್ಟು ಸ್ಯಾಚುರೇಟೆಡ್, ಅಂದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಿಸುವ ಬಗೆಯದು. ಹಾಗೆಂದು ಅದನ್ನು ಮನೆಯಿಂದ ಹೊರಹಾಕಬೇಕಿಲ್ಲ. ಘಮಕ್ಕೆ ಒಂದು ಚಮಚ ಸಾಕು. ಉಳಿದ ಅಡುಗೆಗೆ ಶೇಂಗಾ, ಎಳ್ಳು, ಸೂರ್ಯಕಾಂತಿ ಅಥವಾ ಅಕ್ಕಿ ತೌಡಿನ ಎಣ್ಣೆಯನ್ನು ತಿಂಗಳಿಗೊಂದರಂತೆ ಬದಲಾಯಿಸಿ ಬಳಸಬಹುದು.

ಗಲ್ಫ್‌ನಿಂದ ಬಂದವರು ತಂದುಕೊಟ್ಟ ಝೈತೂನ್ ಎಣ್ಣೆ ಕೆಲವರ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತಿರುತ್ತದೆ. ಎಣ್ಣೆಗೂ ವಯಸ್ಸಾಗುತ್ತದೆ! ಬೆಳಕು ಮತ್ತು ಗಾಳಿ ತಾಗಿದರೆ ಬೇಗ ಕಮಟು ಹಿಡಿಯುತ್ತದೆ. ಅದನ್ನು ಸಲಾಡಿಗೆ, ಚಟ್ನಿಗೆ, ಖುಬ್ಬೂಸ್ ಅದ್ದಿ ತಿನ್ನಲು ಬಳಸಿ ಮುಗಿಸಿ. ಸಮೋಸಾ ಕರಿದರೆ ಅದರ ಪರಿಮಳವೂ ಹೋಯಿತು, ಹಣವೂ ಹೋಯಿತು.

ಬಿರಿಯಾನಿಗೆ ವನಸ್ಪತಿ ಹಾಕುವವರಿಗೂ ಒಂದು ಮಾತು. ದ್ರವ ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಹೃದಯಕ್ಕೆ ಇದಕ್ಕಿಂತ ಕೆಟ್ಟ ಕೊಬ್ಬಿಲ್ಲ. 2022ರಿಂದ ನಮ್ಮ ದೇಶದಲ್ಲಿ ಇದಕ್ಕೆ ಶೇ. 2ರ ಮಿತಿ ಹಾಕಲಾಗಿದೆ. ಆದರೂ ಎರಡು ಚಮಚ ತುಪ್ಪ ಹಾಕಿದ ಬಿರಿಯಾನಿಯ ರುಚಿ ವನಸ್ಪತಿಗೆಲ್ಲಿ ಬರಬೇಕು?

ಈಗ ಆ ಡಬ್ಬಿಯ ವಿಷಯಕ್ಕೆ ಬರೋಣ. ಕರಿಯುವಾಗ ಎಣ್ಣೆಯ ಬಿಸಿ ಸುಮಾರು 180 ಡಿಗ್ರಿ ಇರುತ್ತದೆ. ಆ ಬಿಸಿಗೆ ಗಾಳಿ, ಹಿಟ್ಟಿನ ತೇವ, ಉಪ್ಪು, ಕರಕಲಾದ ಚೂರುಗಳು ಸೇರಿ ಎಣ್ಣೆಯ ಕಣಗಳು ಒಡೆಯುತ್ತವೆ. ಮತ್ತೆ ಮತ್ತೆ ಕಾಯಿಸಿದಷ್ಟೂ ಹಾನಿಕಾರಕ ಅಂಶಗಳು ಹೆಚ್ಚುತ್ತವೆ. ಇವುಗಳನ್ನು ಪೋಲಾರ್ ಸಂಯುಕ್ತಗಳೆಂದು ಅಳೆಯುತ್ತಾರೆ. ಇವು ಶೇ. 25 ಮೀರಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಹೋಟೆಲುಗಳಲ್ಲಿ ಅಳೆಯಲು ಉಪಕರಣವಿದೆ. ನಮ್ಮ ಬಳಿ ಇರುವುದು ಕಣ್ಣು ಮತ್ತು ಮೂಗು. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಎದ್ದು ಇಳಿಯದಿದ್ದರೆ, ಕಾಯುವ ಮೊದಲೇ ಹೊಗೆಯಾಡಿದರೆ ಅದರ ಕಥೆ ಮುಗಿಯಿತೆಂದು ತಿಳಿಯಿರಿ. ಹೊಸ ಎಣ್ಣೆ ಬೆರೆಸಿದರೆ ಹಳೆಯದು ಸರಿಯಾಗುವುದಿಲ್ಲ, ಹೊಸದೂ ಬೇಗ ಕೆಡುತ್ತದೆ.

ಹಾಗಾದರೆ ಚೆಲ್ಲಬೇಕೇ? ಉಳಿಯದಂತೆ ಮಾಡುವುದೇ ಸುಲಭ. ಅಗಲ ಬಾಣಲೆ ಬಿಟ್ಟು ಚಿಕ್ಕದಾದ, ಆಳವಾದ ಪಾತ್ರೆ ಹಿಡಿಯಿರಿ. ಕಾಲು ಲೀಟರ್ ಎಣ್ಣೆಯಲ್ಲಿ ನಾಲ್ಕು ನಾಲ್ಕೇ ಸಮೋಸಾ ಕರಿಯಿರಿ. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ನಿಜ. ಅಸರ್ ಆದ ಕೂಡಲೇ ಒಲೆಯ ಮುಂದೆ ನಿಲ್ಲುವ ನಮಗೆ ಅದೂ ಕಷ್ಟವೇ. ದಿನ ಬಿಟ್ಟು ದಿನ ಕರಿದು, ನಡುವೆ ಹಣ್ಣು, ಗಂಜಿ ಇಟ್ಟರೆ ಮೊದಲೆರಡು ದಿನ ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಆಮೇಲೆ ಕೇಳುವುದಿಲ್ಲ.

ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2024ರ ಮಾರ್ಗಸೂಚಿ 2000 ಕ್ಯಾಲರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ, ಕೊಬ್ಬು ಸಾಕೆನ್ನುತ್ತದೆ. ಅಂದರೆ ಸುಮಾರು ಆರು ಟೀ ಚಮಚ. ಐವರು ದೊಡ್ಡವರಿರುವ ಮನೆಗೆ ತಿಂಗಳಿಗೆ ತುಪ್ಪವೂ ಸೇರಿ ನಾಲ್ಕೂವರೆ ಲೀಟರ್. ನಿಮ್ಮ ಮನೆಯ ಚೀಟಿಯಲ್ಲಿ ಎಷ್ಟಿದೆ?

ಕರಿದ ಮೇಲೆ ಉಳಿಯುವ ಸ್ವಲ್ಪ ಎಣ್ಣೆಯನ್ನು ತಣಿದ ನಂತರ ಬಟ್ಟೆಯಲ್ಲಿ ಸೋಸಿ, ಒಂದೆರಡು ದಿನಗಳೊಳಗೆ ಒಗ್ಗರಣೆಗೆ, ಪಲ್ಯಕ್ಕೆ ಮುಗಿಸಿಬಿಡಿ. ಕಪ್ಪಾಗಿದ್ದರೆ ಸಿಂಕಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಹಳೆಯ ಪತ್ರಿಕೆಗೆ ಹೀರಿಸಿ ಕಸದೊಂದಿಗೆ ಕೊಡಿ.