ಒಂದು ‘ಓ’ ಜಾಸ್ತಿಯಾಗಿದ್ದಕ್ಕೆ...

‘ಯಾರ್ರೀ ಇಲ್ಲಿ ಲೂಸು?’

ಜೆ.ಪಿ. ನಗರದ ಆಫೀಸೊಂದರಲ್ಲಿ ನನ್ನ ಮೊದಲ ಸಂದರ್ಶನ ಶುರುವಾಗಿದ್ದೇ ಈ ಪ್ರಶ್ನೆಯಿಂದ. ಮೇಡಂ ನಗುತ್ತಲೇ ನನ್ನ ಅರ್ಜಿಯನ್ನು ತಿರುಗಿಸಿ ತೋರಿಸಿದರು. ಕೊನೆಯ ಸಾಲಿನ ಕೆಳಗೆ ಕೆಂಪು ಗೆರೆ. ‘ಈ ಅವಕಾಶ ಕಳೆದುಕೊಳ್ಳಲು ಇಷ್ಟವಿಲ್ಲ’ ಅಂತ ಇಂಗ್ಲಿಷಿನಲ್ಲಿ ಬರೆಯಲು ಹೋಗಿ, ‘ಸಡಿಲ ಮಾಡಲು ಇಷ್ಟವಿಲ್ಲ’ ಅಂತ ಬರೆದಿದ್ದೆ. ಕಳೆದುಕೊಳ್ಳುವ ಲೂಸ್‌ಗೆ ಒಂದೇ ‘ಓ’, ಸಡಿಲವಾದ ಲೂಸ್‌ಗೆ ಎರಡು. ‘ಇಲ್ಲಿ ದಿನವಿಡೀ ಗ್ರಾಹಕರಿಗೆ ಮೇಲ್ ಬರೆಯೋದೇ ಕೆಲಸ’ ಅಂದರು. ಆಮೇಲೆ ಕರೆ ಬರಲಿಲ್ಲ.

ಬಿಟಿಎಂ ಲೇಔಟ್‌ನ ಪಿ.ಜಿ.ಗೆ ವಾಪಸಾಗುವಾಗ ಸಿಟ್ಟೆಲ್ಲ ಕಂಪ್ಯೂಟರ್ ಮೇಲಿತ್ತು. ತಪ್ಪಿದ್ದರೆ ಅದಾದರೂ ಗೆರೆ ಎಳೆಯಬೇಕಿತ್ತಲ್ಲ! ಆದರೆ ಅದರ ಲೆಕ್ಕದಲ್ಲಿ ಸ್ಪೆಲ್ಲಿಂಗ್ ಸರಿಯೇ ಇತ್ತು. ಎರಡೂ ನಿಘಂಟಿನಲ್ಲಿರುವ ಪದಗಳೇ.

ಅಸಲಿ ಎಡವಟ್ಟು ಹಿಡಿದದ್ದು ನನ್ನ ರೂಮ್‌ಮೇಟ್, ಲಖನೌ ಹುಡುಗ. ‘ನೀನು ಎರಡನ್ನೂ ಒಂದೇ ಥರ ಹೇಳ್ತೀಯ’ ಅಂದ. ನಿಜ. ಕಳೆದುಕೊಳ್ಳುವ ಲೂಸ್ ಕೊನೆಯಲ್ಲಿ ಜೇನ್ನೊಣದಂತೆ ಗುಂಯ್ ಅನ್ನಬೇಕು. ಅದು ಇಂಗ್ಲಿಷಿನ ‘ಝಡ್’ ಸದ್ದು. ನಮ್ಮ ವರ್ಣಮಾಲೆಯಲ್ಲಿ ಆ ಸದ್ದಿಗೊಂದು ಅಕ್ಷರವಿಲ್ಲ. ಮದ್ದೂರಿನ ಕಡೆ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಕಿವಿ ಎರಡನ್ನೂ ‘ಸ’ ಡಬ್ಬಕ್ಕೇ ಹಾಕುತ್ತಿತ್ತು. ಹುಡುಕುತ್ತಾ ಹೋದರೆ ಇದೇ ಡಬ್ಬದಲ್ಲಿ ಇನ್ನಷ್ಟು ಸಿಕ್ಕವು. ಬೆಲೆಯೂ ‘ಪ್ರೈಸ್’, ಬಹುಮಾನವೂ ‘ಪ್ರೈಸ್’. ಸಲಹೆಯೂ ‘ಅಡ್ವೈಸ್’, ಸಲಹೆ ಕೊಡುವುದೂ ‘ಅಡ್ವೈಸ್’! ಬೆಲೆ ಮತ್ತು ಸಲಹೆಗೆ ಸ್ಪೆಲ್ಲಿಂಗಿನಲ್ಲಿ ‘ಸಿ’ ಇದೆ. ಅವು ಗುಂಯ್ ಅನ್ನುವುದಿಲ್ಲ. ಉಳಿದೆರಡು ಅನ್ನುತ್ತವೆ. ಅದರ ಮೇಲೆ ನಮಗೆ ಸಡಿಲವಾದ ಲೂಸೇ ಹೆಚ್ಚು ಪರಿಚಯ. 2007ರ ‘ದುನಿಯಾ’ದ ಲೂಸ್ ಮಾದನನ್ನು ಮರೆಯುವುದುಂಟೇ? ಕೈ ತಾನಾಗಿಯೇ ಎರಡು ‘ಓ’ ಒತ್ತುತ್ತದೆ.

ಕಿವಿ ಎಷ್ಟೇ ಚುರುಕಾದರೂ ಕೈಕೊಡುವ ಜೋಡಿಗಳೂ ಇವೆ. ಜಯನಗರ 4ನೇ ಬ್ಲಾಕ್‌ಗೆ ಪೆನ್ನು, ಫೈಲು ತರಲು ಹೋದಾಗ ಸ್ಟೇಷನರಿ ಎಂಬ ಪದವೇ ಕಾಡಿತು. ಕಡೆಯಲ್ಲಿ ‘ಇಆರ್‌ವೈ’ ಇದ್ದರೆ ಕಾಗದ-ಪೆನ್ನು, ‘ಎಆರ್‌ವೈ’ ಇದ್ದರೆ ನಿಂತಲ್ಲೇ ನಿಂತದ್ದು. ಎರಡೂ ಒಂದೇ ಬೇರಿನವಂತೆ. ಮಧ್ಯಯುಗದ ಯುರೋಪಿನಲ್ಲಿ ಊರೂರು ಅಲೆದು ಮಾರುವವರ ನಡುವೆ, ವಿಶ್ವವಿದ್ಯಾಲಯಗಳ ಬಳಿ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುತ್ತಿದ್ದವನೇ ಸ್ಟೇಷನರ್. ಹೊರಗೆ ಫುಟ್‌ಪಾತ್ ವ್ಯಾಪಾರಿಗಳು, ಒಳಗೆ ಕಾಯಂ ಅಂಗಡಿಗಳು... 4ನೇ ಬ್ಲಾಕ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಹೋದ ಅಂಗಡಿಯ ಬೋರ್ಡಿನಲ್ಲಿ ‘ಎ’ ಇತ್ತು. ಅಂಗಡಿ ಅಲ್ಲಾಡುತ್ತಿಲ್ಲವಲ್ಲ, ಸುಳ್ಳೇನಲ್ಲ ಬಿಡಿ!

ನನ್ನ ಗುರುವಿಗೂ ಒಂದು ಡಬ್ಬವಿದೆ. ಅವನ ಹಿಂದಿಯಲ್ಲಿ ‘ಳ’ ಇಲ್ಲ, ಬಸ್ಸಿನ ಇಂಗ್ಲಿಷ್ ಬೋರ್ಡಿನಲ್ಲೂ ಲ-ಳ ಎರಡಕ್ಕೂ ಅದೇ ‘ಎಲ್’. ಹಾಗಾಗಿ ಅವನಿಗೆ ಪುಟ್ಟೇನಹಳ್ಳಿ ‘ಪುಟ್ಟೇನಹಲ್ಲಿ’. ‘ಹಬ್ಬಕ್ಕೆ ನಿನ್ನ ಹಲ್ಲಿಗೆ ಹೋಗ್ತೀಯಾ?’ ಅಂತ ಕೇಳಿದಾಗ ಊಟದ ತಟ್ಟೆ ಬಿಟ್ಟು ನಕ್ಕಿದ್ದೆ. ಈಗ ರಾತ್ರಿ ಊಟವಾದ ಮೇಲೆ ನಾನು ಹತ್ತು ಸಲ ಗುಂಯ್ ಅನ್ನುತ್ತೇನೆ, ಅವನು ನಾಲಿಗೆ ಮಡಚಿ ಹತ್ತು ಸಲ ‘ಹಳ್ಳಿ’ ಅನ್ನುತ್ತಾನೆ.

ಹೋದ ವಾರ ಬನಶಂಕರಿಯ ಕಂಪನಿಯೊಂದಕ್ಕೆ ಅರ್ಜಿ ಕಳಿಸುವ ಮುನ್ನ ಅವನ ಮುಂದೆ ಜೋರಾಗಿ ಓದಿದೆ. ‘ಅಡ್ವೈಸ್’ ಹತ್ತಿರ ಸಿಕ್ಕಿಬಿದ್ದೆ, ತಿದ್ದಿದೆ. ಸಂದರ್ಶನ ಬರುವ ಮಂಗಳವಾರ.