ನೂರು ಮಾಡುವ ಹನ್ನೊಂದು ದಾರಿ

ಮೈಸೂರಿನ ಮಂಡಿ ಮೊಹಲ್ಲಾದ ಒಂದು ಮನೆ ಎಂದುಕೊಳ್ಳಿ. ಮಗಳ ಹೋಂವರ್ಕ್: 1ರಿಂದ 9ರವರೆಗಿನ ಅಂಕಿಗಳ ಕ್ರಮ ಬದಲಿಸದೆ, ನಡುವೆ ಕೂಡುವ, ಕಳೆಯುವ ಚಿಹ್ನೆ ಹಾಕಿ 100 ಮಾಡಬೇಕು. ರಬ್ಬರ್ ಉಜ್ಜಿ ಉಜ್ಜಿ ಪುಟವೇ ಹರಿದಿದೆ. "ಅಮ್ಮಾ, ಆಗ್ತಿಲ್ಲ!"

ಅಮ್ಮ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೆಲವೇ ಸಾಲು ಬರೆಯುತ್ತಾರೆ. ನಡುವಿನ ಜಾಗ ಎಂಟು. ಪ್ರತಿಯೊಂದಕ್ಕೂ ಮೂರು ಆಯ್ಕೆ: ಕೂಡು, ಕಳೆ, ಇಲ್ಲವೇ ಅಂಕಿಗಳನ್ನು ಅಂಟಿಸು. ಒಟ್ಟು 6,561 ಸಾಧ್ಯತೆ. ಕಂಪ್ಯೂಟರ್ ಒಂದನ್ನೂ ಬಿಡದೆ ನೋಡುತ್ತದೆ, ಅಷ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ 11 ಉತ್ತರ! ಅದರಲ್ಲೊಂದು: 123 − 45 − 67 + 89.

 

ಇನ್ನೂ 10 ಉತ್ತರ ಬಾಕಿ ಇವೆ. ಪ್ರೋಗ್ರಾಂ ಓಡಿಸುವ ಮುಂಚೆ ಮಗುವಿನ ಪಕ್ಕ ಪೆನ್ಸಿಲ್ ಹಿಡಿದು ಕೂತು, ಒಂದನ್ನಾದರೂ ಹುಡುಕಿ.