ಸಂಬಳ ನಿಂತ ಮನೆಯ ಲೆಕ್ಕ

ದೊಡ್ಡ ಕಾಯಿಲೆ ಬಂದ ಮನೆಗೆ ನೆಂಟರು ಹಣ್ಣಿನ ಚೀಲ ಹಿಡಿದು ಬರುತ್ತಾರೆ, ಮಂಚದ ಪಕ್ಕ ಕೂತು 'ಬಿಲ್ ಎಷ್ಟಾಯ್ತು' ಎಂದು ಕೇಳುತ್ತಾರೆ. 'ಸಂಬಳ ಬರ್ತಾ ಇದೆಯಾ' ಎಂದು ಕೇಳುವವರು ಕಡಿಮೆ. ಆಸ್ಪತ್ರೆಯ ಬಿಲ್ಲು ಎಷ್ಟೇ ದೊಡ್ಡದಿರಲಿ, ಒಂದು ದಿನ ಮುಗಿಯುತ್ತದೆ. ಬಾಡಿಗೆ, ಶಾಲೆಯ ಫೀಸು, ಸಂಘದ ಕಂತು, ಚೀಟಿ ಮಾತ್ರ ತಿಂಗಳು ತಿಂಗಳೂ ತಪ್ಪದೆ ಬರುತ್ತವೆ. ಮನೆ ಕುಸಿಯುವುದು ಹೆಚ್ಚಾಗಿ ಇಲ್ಲೇ.

ಈ ಗಾಬರಿಯಲ್ಲಿ ತೆಗೆದುಕೊಳ್ಳುವ ತೀರ್ಮಾನಗಳ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ. ಕೊನೆಗೆ ಮಾಡಬೇಕಾದ್ದನ್ನು ಅವು ಮೊದಲೇ ಮಾಡಿಸುತ್ತವೆ. ಕಾಯಿಲೆಗಿಂತ ಈ ಅದಲುಬದಲೇ ಹೆಚ್ಚು ದುಡ್ಡು ತಿಂದ ಮನೆಗಳು ಉಂಟು.

'ಹೋಗೋಕೆ ಆಗದಿದ್ದರೆ ಕೆಲಸ ಬಿಟ್ಟುಬಿಡುವುದೇ ಮರ್ಯಾದೆ'

ಮೂರು ವಾರ ರಜೆ ಆದ ಮೇಲೆ ಸೂಪರ್‌ವೈಸರ್ ಫೋನ್ ಮಾಡಿ 'ಏನಮ್ಮಾ, ಬರ್ತೀಯೋ ಇಲ್ವೋ ಒಂದು ಹೇಳಿಬಿಡು' ಎನ್ನುತ್ತಾನೆ. ಆ ಮಾತಿನಲ್ಲಿ ಕೆಲಸದಿಂದ ತೆಗೆದ ಆದೇಶವೇನೂ ಇಲ್ಲ. ಆದರೂ ಮನೆಯವರು ಬಿಳಿ ಹಾಳೆಯಲ್ಲಿ ರಾಜೀನಾಮೆ ಬರೆದು ಮಗನ ಕೈಲಿ ಕಳಿಸುತ್ತಾರೆ. 'ಅವರಿಗೆ ಯಾಕೆ ತೊಂದರೆ' ಎಂಬ ಸಂಕೋಚ ನಮ್ಮವರಲ್ಲಿ ವಿಪರೀತ.

ಆ ಒಂದು ಹಾಳೆ ಏನೇನನ್ನು ಕೊಂಡೊಯ್ಯುತ್ತದೆ ನೋಡಿ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಕಾಯಿಲೆ ಪತ್ತೆಯಾದ ಮೇಲೆ ಹೊಸ ವಿಮೆ ಕೊಡುವವರು ಯಾರು? ಬಿಡಲೇಬೇಕಾದ ಪರಿಸ್ಥಿತಿ ಬಂದರೆ, ಗುಂಪು ಪಾಲಿಸಿಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶವಿದೆ; ಅದನ್ನು ಹೊರಬೀಳುವ ಮುಂಚೆಯೇ ಕೇಳಿಕೊಳ್ಳಬೇಕು. ಪಿಎಫ್ ಸದಸ್ಯರಿಗೆ ಇಡಿಎಲ್‌ಐ ಎಂಬ ಜೀವವಿಮೆಯೂ ಇರುತ್ತದೆ. ಸೇವೆಯಲ್ಲಿರುವಾಗ ತೀರಿಕೊಂಡರೆ ನಾಮಿನಿಗೆ 7 ಲಕ್ಷ ರೂಪಾಯಿವರೆಗೆ ಬರುವ ಈ ಹಣದ ಬಗ್ಗೆ ಅದರ ಹಕ್ಕುದಾರರಿಗೇ ಗೊತ್ತಿರುವುದಿಲ್ಲ. ಹೇಳುವುದು ಕಷ್ಟ, ಆದರೆ ಕಾಯಿಲೆ ಗಂಭೀರವಾಗಿದ್ದಾಗ ಸೇವೆಯಲ್ಲಿ ಉಳಿದಿರುವುದಕ್ಕೂ ರಾಜೀನಾಮೆ ಕೊಟ್ಟಿರುವುದಕ್ಕೂ ಹೆಂಡತಿ ಮಕ್ಕಳ ಪಾಲಿಗೆ ಇರುವ ವ್ಯತ್ಯಾಸ ಇದೇ.

ಬರೆಯಬೇಕಾದ್ದು ರಜೆಯ ಅರ್ಜಿ. ಡಾಕ್ಟರ ಸರ್ಟಿಫಿಕೇಟ್ ಲಗತ್ತಿಸಿ, ದಿನಾಂಕ ಹಾಕಿ, ಒಂದು ಪ್ರತಿಗೆ ಸ್ವೀಕೃತಿ ಪಡೆದು ಅಥವಾ ಇಮೇಲ್, ವಾಟ್ಸಾಪ್‌ನಲ್ಲಿ ಕಳಿಸಿ ಇಟ್ಟುಕೊಳ್ಳಬೇಕು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಅನಾರೋಗ್ಯದ ರಜೆ ವರ್ಷಕ್ಕೆ 12 ದಿನ. ಕೀಮೋಗೆ ಅದು ಯಾವ ಮೂಲೆಗೆ? ಗಳಿಕೆ ರಜೆಯೂ ಮುಗಿದ ಮೇಲೆ ಸಂಬಳವಿಲ್ಲದ ರಜೆ ಕೇಳಬಹುದು. ಕೊಡಲೇಬೇಕೆಂದೇನಿಲ್ಲ, ಆದರೆ ಕೇಳಿದವರಿಗೆ ಎಷ್ಟೋ ಕಡೆ ಸಿಕ್ಕಿದೆ. ಸಂಬಳ ಬಾರದಿದ್ದರೂ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುತ್ತದೆ.

'ಇಎಸ್‌ಐ ಅಂದರೆ ಕ್ಯೂ ನಿಂತು ಮಾತ್ರೆ ತರುವ ಜಾಗ'

ಪೀಣ್ಯದ, ಮೈಸೂರು ರಸ್ತೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಂದ ಹಿಡಿದು ಸೆಕ್ಯುರಿಟಿ ಗಾರ್ಡುಗಳವರೆಗೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಲಕ್ಷಾಂತರ ಮಂದಿಯ ಪೇ ಸ್ಲಿಪ್ಪಿನಲ್ಲಿ ಪ್ರತಿ ತಿಂಗಳೂ ಇಎಸ್‌ಐ ಕಡಿತ ಇರುತ್ತದೆ. ಕಾರ್ಮಿಕರ ಪಾಲು ಶೇ. 0.75, ಮಾಲೀಕರದು ಶೇ. 3.25. ಈ ಹಣ ಆಸ್ಪತ್ರೆಗೆಂದೇ ಎಲ್ಲರೂ ತಿಳಿದಿದ್ದಾರೆ. ಅದರಲ್ಲಿ ಸಂಬಳದ ವಿಮೆಯೂ ಅಡಗಿದೆ.

ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಇಎಸ್‌ಐ ಕೂಲಿಯ ಶೇ. 70ರಷ್ಟನ್ನು ನಗದಾಗಿ ಕೊಡುತ್ತದೆ, ವರ್ಷಕ್ಕೆ 91 ದಿನಗಳವರೆಗೆ. ಅದಕ್ಕೆ ಸಂಬಂಧಿಸಿದ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ತಿಂಗಳಿಗೆ 18,000 ಸಂಬಳ ಎಂದಿಟ್ಟುಕೊಳ್ಳಿ. ಕೈಯಿಂದ ಹೋಗುವುದು 135 ರೂಪಾಯಿ. ದಿನಗೂಲಿ ಸುಮಾರು 600, ಅದರ ಶೇ. 70 ಅಂದರೆ 420. ಪೂರ್ತಿ 91 ದಿನಕ್ಕೆ 38,000 ರೂಪಾಯಿಗೂ ಮೀರಿ ಬರುತ್ತದೆ.

ಇಷ್ಟಕ್ಕೇ ಮುಗಿಯುವುದಿಲ್ಲ. ಕ್ಯಾನ್ಸರ್, ಕ್ಷಯ, ಪಾರ್ಶ್ವವಾಯು, ಮೂತ್ರಪಿಂಡ ವೈಫಲ್ಯ, ಕೆಲವು ಹೃದ್ರೋಗಗಳು, ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆಗಳು ಸೇರಿ 34 ದೀರ್ಘಕಾಲದ ಕಾಯಿಲೆಗಳ ಪಟ್ಟಿಯೊಂದಿದೆ. ಇವುಗಳಿಗೆ ಶೇ. 80ರ ದರದಲ್ಲಿ, ಎರಡು ವರ್ಷದವರೆಗೂ ಭತ್ಯೆ ಮುಂದುವರಿಯಬಹುದು. ಷರತ್ತು ಇದೆ: ಎರಡು ವರ್ಷ ಬಿಡದೆ ವಿಮೆಯಡಿ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ ಕನಿಷ್ಠ 156 ದಿನದ ವಂತಿಗೆ ಇರಬೇಕು. ಮೇಲಿನ ಲೆಕ್ಕದಲ್ಲೇ ನೋಡಿದರೆ ಇದು ತಿಂಗಳಿಗೆ ಸುಮಾರು 14,400 ರೂಪಾಯಿ. ಮನೆ ನಡೆಯುವಷ್ಟು.

ಹಾಗಾದರೆ ಜನ ಇದನ್ನು ಏಕೆ ಕಳೆದುಕೊಳ್ಳುತ್ತಾರೆ? ಸರ್ಟಿಫಿಕೇಟಿನ ದೆಸೆಯಿಂದ. ಭತ್ಯೆ ನಡೆಯುವುದು ಇಎಸ್‌ಐ ವೈದ್ಯರ ಸರ್ಟಿಫಿಕೇಟಿನ ಮೇಲೆ. ಗಾಬರಿಯಲ್ಲಿ ನೇರವಾಗಿ ಖಾಸಗಿ ಆಸ್ಪತ್ರೆಗೆ ಓಡಿ, ಎರಡು ತಿಂಗಳು ಅಲ್ಲೇ ಇದ್ದು, ಆಮೇಲೆ ಡಿಸ್ಪೆನ್ಸರಿಗೆ ಹೋದರೆ ಹಿಂದಿನ ದಿನಗಳಿಗೆ ಕಾಗದ ಹೊಂದಿಸುವುದೇ ದೊಡ್ಡ ಪಾಡು. ಹೊರಗೆ ಚಿಕಿತ್ಸೆ ಪಡೆದರೂ ಮೊದಲ ವಾರದಲ್ಲೇ ಮನೆಯವರು ಯಾರಾದರೂ ಕಾಗದಗಳೊಂದಿಗೆ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಬರಲಿ. ಕ್ಯೂ ಇರುತ್ತದೆ, ಸಿಡಿಮಿಡಿಯೂ ಇರುತ್ತದೆ. ದಿನಕ್ಕೆ 420 ರೂಪಾಯಿಯಂತೆ ಲೆಕ್ಕ ಹಾಕಿದರೆ ಆ ಕ್ಯೂ ನಿಲ್ಲಲು ಯೋಗ್ಯವಾದದ್ದೇ.

'ಪಿಎಫ್ ಸಿಗುವುದು ಕೆಲಸ ಬಿಟ್ಟ ಮೇಲೆ'

ರಾಜೀನಾಮೆಗೆ ಇದೂ ಒಂದು ನೆಪ: 'ಬಿಟ್ಟರೆ ಪಿಎಫ್ ದುಡ್ಡಾದರೂ ಒಟ್ಟಿಗೆ ಕೈಗೆ ಬರುತ್ತೆ'. ತನ್ನ ಅಥವಾ ಮನೆಯವರ ಚಿಕಿತ್ಸೆಗೆ ಕೆಲಸದಲ್ಲಿದ್ದುಕೊಂಡೇ ಪಿಎಫ್ ಖಾತೆಯಿಂದ ಮುಂಗಡ ತೆಗೆಯಬಹುದು. ಅದಕ್ಕೆ ಬಡ್ಡಿ ಇಲ್ಲ, ತಿರುಗಿ ಕಟ್ಟಬೇಕಾಗಿಯೂ ಇಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಆಗುತ್ತದೆ. ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ: ಆಧಾರ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮುಂದೆ, ಪಿಎಫ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಇಲ್ಲವೇ ಇಲ್ಲ. ಕಾಯಿಲೆ ಇರಲಿ ಬಿಡಲಿ, ಇದನ್ನು ಸರಿಮಾಡಿಸಿಕೊಳ್ಳುವುದು ಈ ತಿಂಗಳ ಕೆಲಸ. ನಾಮಿನಿ ಹೆಸರೂ ಅಷ್ಟೇ. ಮದುವೆಗೆ ಮುಂಚೆ ಬರೆಸಿದ ತಾಯಿಯ ಹೆಸರೇ ಇನ್ನೂ ಇದೆಯೇ ನೋಡಿ.

ಪಿಂಚಣಿಗೆ ಹತ್ತು ವರ್ಷ ಸೇವೆ ಆಗಲೇಬೇಕು ಎಂಬುದು ಅರ್ಧ ಸತ್ಯ. ಸೇವೆಯಲ್ಲಿರುವಾಗ ಶಾಶ್ವತವಾಗಿ, ಪೂರ್ಣವಾಗಿ ದುಡಿಯಲಾಗದ ಸ್ಥಿತಿಗೆ ಬಂದವರಿಗೆ 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಆ ಹತ್ತು ವರ್ಷದ ನಿಯಮ ಅಡ್ಡ ಬರುವುದಿಲ್ಲ.

'ಇನ್ಶೂರೆನ್ಸ್ ಇದೆಯಲ್ಲ, ಮತ್ತೇನು ಚಿಂತೆ'

ಮೆಡಿಕ್ಲೇಮ್ ಆಸ್ಪತ್ರೆಯ ಬಿಲ್ ಕಟ್ಟುತ್ತದೆ, ಮನೆಯ ಬಾಡಿಗೆ ಕಟ್ಟುವುದಿಲ್ಲ. ಗಂಭೀರ ಕಾಯಿಲೆ ಪತ್ತೆಯಾದಾಗ ಒಟ್ಟು ಮೊತ್ತ ಕೈಗೆ ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇರೆಯೇ. ಅದು ಕೆಲವರ ಜೀವವಿಮೆಗೆ ಅಥವಾ ಗೃಹಸಾಲಕ್ಕೆ ಬಾಲದಂತೆ ಅಂಟಿಕೊಂಡಿರುತ್ತದೆ, ಮಾಡಿಸಿದವರಿಗೇ ನೆನಪಿರುವುದಿಲ್ಲ. ಸಾಲ ಕೊಡುವಾಗ ಬ್ಯಾಂಕು ಸಹಿ ಹಾಕಿಸಿಕೊಂಡ ಕಾಗದಗಳನ್ನು ಒಮ್ಮೆ ಹೊರತೆಗೆದು ಓದಿಸಿ.

ದುಡ್ಡು ಬಿಗಿಯಾದಾಗ ಮೊದಲು ನಿಲ್ಲಿಸುವುದು ವಿಮೆಯ ಪ್ರೀಮಿಯಂ. ಅದೊಂದನ್ನು ಮಾತ್ರ ನಿಲ್ಲಿಸಬೇಡಿ. ವಾರ್ಷಿಕ ಪ್ರೀಮಿಯಂ ತಪ್ಪಿದರೆ 30 ದಿನದ ರಿಯಾಯಿತಿ ಅವಧಿ ಇದೆ. ಅಷ್ಟರೊಳಗೆ ಕಟ್ಟಿದರೆ ಹಳೆಯ ಪಾಲಿಸಿಯ ಕಾಯುವಿಕೆಯ ಅವಧಿ ವ್ಯರ್ಥವಾಗುವುದಿಲ್ಲ. ಕ್ಲೇಮ್ ತಿರಸ್ಕರಿಸಿದರೆ ಅದೇ ಕೊನೆಯ ಮಾತೂ ಅಲ್ಲ. ಮೊದಲು ಕಂಪನಿಗೆ ಲಿಖಿತ ದೂರು, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನಲ್ಲೇ ಇರುವ ವಿಮಾ ಓಂಬುಡ್ಸ್‌ಮನ್ ಕಚೇರಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ.

'ಸರ್ಕಾರದ ಕಾರ್ಡು ಬಿಪಿಎಲ್‌ನವರಿಗೆ ಮಾತ್ರ'

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ. ಇಲ್ಲೂ ಕ್ರಮ ತಪ್ಪಿದರೆ ಕೈತಪ್ಪುತ್ತದೆ. ತುರ್ತು ಚಿಕಿತ್ಸೆ ಬಿಟ್ಟರೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿಂದ ರೆಫರಲ್, ಆಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ಬಿಲ್ ಕಟ್ಟಿ ಬಂದು 'ಈಗ ಕಾರ್ಡಿನ ದುಡ್ಡು ಕೊಡಿ' ಎಂದರೆ ಪ್ರಯೋಜನವಿಲ್ಲ. ಕ್ಷಯ ರೋಗಿಗಳಿಗೆ ಚಿಕಿತ್ಸೆ ನಡೆಯುವಷ್ಟು ಕಾಲ ನಿಕ್ಷಯ್ ಪೋಷಣ್ ಯೋಜನೆಯಿಂದ ತಿಂಗಳಿಗೆ 1,000 ರೂಪಾಯಿ ನೇರ ಖಾತೆಗೆ ಬರುತ್ತದೆ. 2024ರ ನವೆಂಬರ್‌ವರೆಗೆ ಅದು 500 ಇತ್ತು. ಗಾರೆ ಕೆಲಸ, ಪೇಂಟಿಂಗ್, ಸೆಂಟ್ರಿಂಗ್ ಮಾಡುವವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿದ್ದರೆ ದೊಡ್ಡ ಕಾಯಿಲೆಗೆ ಅಲ್ಲಿಂದಲೂ ಸಹಾಯಧನ ಕೇಳಬಹುದು. ಕಾರ್ಡು ನವೀಕರಿಸಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆಂದು ಬಳ್ಳಾರಿ, ರಾಯಚೂರಿನಿಂದ ಬರುವವರಿಗೆ ಓಡಾಟದ ಖರ್ಚೇ ಒಂದು ಹೊರೆ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿ ಪೂರ್ತಿ ಉಚಿತ, ಜೊತೆಗೆ ಬರುವ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಲ್ಲಿ ನಿಗದಿತ ನಮೂನೆಗೆ ಸಹಿ ಹಾಕಿಸಿಕೊಂಡರಾಯಿತು.

'ಕೈಸಾಲ ಮಾಡಿಯಾದರೂ ಕಂತು ಕಟ್ಟಬೇಕು, ಇಲ್ಲದಿದ್ದರೆ ಮಾನ ಹೋಗುತ್ತೆ'

ಈ ನಂಬಿಕೆಯೇ ಎಲ್ಲಕ್ಕಿಂತ ದುಬಾರಿ. 'ನೂರಕ್ಕೆ ಮೂರು' ಎಂದು ಹೇಳಿದಾಗ ಸಣ್ಣದಾಗಿ ಕೇಳಿಸುತ್ತದೆ. ತಿಂಗಳ ಬಡ್ಡಿ ಅದು, ವರ್ಷಕ್ಕೆ ಶೇ. 36. ನೂರಕ್ಕೆ ಐದಾದರೆ ಶೇ. 60. ಶೇ. 9ರ ಗೃಹಸಾಲದ ಕಂತು ಕಟ್ಟಲು ಶೇ. 36ರ ಸಾಲ ತರುವುದು ಯಾವ ಲೆಕ್ಕದಲ್ಲೂ ಸರಿಹೊಂದುವುದಿಲ್ಲ.

ಬ್ಯಾಂಕಿನ ಕಂತು ಒಂದು ತಿಂಗಳು ತಪ್ಪಿದ ಮಾತ್ರಕ್ಕೆ ಮನೆ ಹರಾಜಾಗುವುದಿಲ್ಲ. ಬಾಕಿ 90 ದಿನ ದಾಟಿದ ಮೇಲೆ ಸಾಲ ಎನ್‌ಪಿಎ ಆಗುತ್ತದೆ, ಮುಂದಿನ ಕ್ರಮ ಆನಂತರದ್ದು. ಕ್ರೆಡಿಟ್ ಸ್ಕೋರಿಗೆ ಪೆಟ್ಟು ಬೀಳುವುದು, ದಂಡ ಸೇರುವುದು ನಿಜ. ಅದಕ್ಕೇ ಕಂತು ತಪ್ಪುವ ಮುಂಚೆಯೇ ಶಾಖೆಗೆ ಪತ್ರ ಬರೆದು, ವೈದ್ಯಕೀಯ ದಾಖಲೆ ಇಟ್ಟು, ಅವಧಿ ಹೆಚ್ಚಿಸಿ ಕಂತು ಇಳಿಸಿ ಎಂದು ಕೇಳುವುದು. ಬ್ಯಾಂಕು ಒಪ್ಪಲೇಬೇಕೆಂದಿಲ್ಲ, ಆದರೆ ಮೂರು ಕಂತು ತಪ್ಪಿಸಿ ಫೋನ್ ಎತ್ತದವರಿಗಿಂತ ಮೊದಲೇ ಬಂದು ಕೇಳಿದವರ ಮಾತಿಗೆ ಬೆಲೆ ಹೆಚ್ಚು.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ, ನೆಂಟರೆದುರು ಅವಮಾನಿಸುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ನಿಯಮ. ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ವ್ಯವಸ್ಥೆಗೆ 14448ಕ್ಕೆ ಕರೆ ಮಾಡಬಹುದು. ಕಿರುಸಾಲದ ಹೆಸರಿನಲ್ಲಿ ಮನೆ ಬಾಗಿಲಿಗೆ ಬಂದು ಕೂರುವವರ ಹಾವಳಿ ವಿಪರೀತವಾದಾಗ ಕರ್ನಾಟಕ ಸರ್ಕಾರ 2025ರಲ್ಲಿ ಬೇರೆ ಕಾನೂನನ್ನೇ ತಂದಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ. ಗುಂಪಿನ ಸಾಲದ ಸಂಕಟ ಮಾತ್ರ ಬೇರೆ. ಅಲ್ಲಿ ಕೇಳಲು ಬರುವವರು ಏಜೆಂಟರಲ್ಲ, ಪಕ್ಕದ ಮನೆಯ ಅಕ್ಕಂದಿರು. ಅವರ ಕೈಯಿಂದ ಕಂತು ಹೋಗಿರುತ್ತದೆ. ಅದಕ್ಕೆ ಕಾನೂನಿನಲ್ಲಿ ಉತ್ತರವಿಲ್ಲ. ಸಂಘದ ಸಭೆಯಲ್ಲಿ ಕಾಯಿಲೆಯ ವಿಷಯ ಬಾಯಿಬಿಟ್ಟು ಹೇಳಿ, ಎಷ್ಟು ತಿಂಗಳು ಎಂದು ಮಾತಾಡಿಕೊಳ್ಳುವುದೇ ದಾರಿ.

ದುಡ್ಡು ಬೇಕೇ ಬೇಕಾದರೆ ಹಳೆಯ ಎಲ್‌ಐಸಿ ಪಾಲಿಸಿಯ ಮೇಲಿನ ಸಾಲ, ಬ್ಯಾಂಕಿನಲ್ಲಿ ಒಡವೆ ಸಾಲ, ಇವು ಕೈಸಾಲಕ್ಕಿಂತ ಎಷ್ಟೋ ಅಗ್ಗ. ಜಮೀನು ಮಾರುವ ಮಾತು ಎಲ್ಲಕ್ಕಿಂತ ಕೊನೆಗೆ ಬರಲಿ. ಕಾಯಿಲೆಯ ಮನೆಯವರು ಮಾರುತ್ತಿದ್ದಾರೆಂದು ತಿಳಿದ ಮೇಲೆ ಊರಲ್ಲಿ ಸರಿಯಾದ ಬೆಲೆ ಯಾರೂ ಹೇಳುವುದಿಲ್ಲ.

'ಡಾಕ್ಟರ ಮುಂದೆ ದುಡ್ಡಿನ ಮಾತು ಎತ್ತಬಾರದು'

ಎತ್ತದಿದ್ದರೆ ಏನಾಗುತ್ತದೆ ಎಂದರೆ, ರೋಗಿ ಮನೆಯಲ್ಲಿ ಯಾರಿಗೂ ಹೇಳದೆ ದಿನಕ್ಕೆರಡು ಮಾತ್ರೆಯನ್ನು ಒಂದಕ್ಕೆ ಇಳಿಸುತ್ತಾನೆ, ಮುಂದಿನ ಚೆಕಪ್‌ಗೆ 'ಈಗ ಆರಾಮಿದೀನಿ' ಎನ್ನುತ್ತಾನೆ. ಡಾಕ್ಟರು ಔಷಧ ಕೆಲಸ ಮಾಡುತ್ತಿಲ್ಲವೆಂದು ಇನ್ನೂ ದುಬಾರಿಯದನ್ನು ಬರೆಯುತ್ತಾರೆ. 'ಸಾರ್, ಇಷ್ಟು ಕೊಡೋಕೆ ಆಗ್ತಿಲ್ಲ' ಎಂಬ ಒಂದು ಮಾತಿಗೆ ಜನೌಷಧಿ ಕೇಂದ್ರದಲ್ಲಿ ಸಿಗುವ ಜೆನೆರಿಕ್ ಬರೆದುಕೊಡಬಹುದು, ಮುಂದೂಡಬಹುದಾದ ಪರೀಕ್ಷೆಯನ್ನು ಮುಂದೂಡಬಹುದು. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರು ಇರುತ್ತಾರೆ. ಟ್ರಸ್ಟುಗಳ ನೆರವು, ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿ, ಎಲ್ಲ ಅವರಿಗೆ ಬಾಯಿಪಾಠ.

ರಾತ್ರಿಯೆಲ್ಲ ಸಾಲದ ಲೆಕ್ಕ ಹಾಕುತ್ತ ನಿದ್ದೆಗೆಟ್ಟವರೂ, 'ನಾನಿಲ್ಲದಿದ್ದರೆ ಇವರಿಗೆ ಖರ್ಚಾದರೂ ಉಳಿಯುತ್ತೆ' ಎಂದು ಬಾಯಿಬಿಟ್ಟವರೂ ಡಾಕ್ಟರಿಗೆ ಹೇಳಬೇಕಾದ್ದು ಅದನ್ನೇ. ಅಂಥ ಮಾತು ಕೇಳಿದ ಮನೆಯವರು ಅದನ್ನು ಕೊರಗೆಂದು ತಳ್ಳಿಹಾಕದೆ ಟೆಲಿ ಮಾನಸ್‌ಗೆ ಕರೆ ಮಾಡಲಿ: 14416. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

'ಗುಣವಾದರೂ ಹಳೆಯ ಕೆಲಸ ಮತ್ತೆ ಸಿಗುವುದಿಲ್ಲ'

ಸರ್ಕಾರಿ ನೌಕರರ ಮಟ್ಟಿಗೆ ಇದು ತಪ್ಪು. ಸೇವೆಯಲ್ಲಿರುವಾಗ ಅಂಗವಿಕಲತೆ ಬಂದವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆಯಲ್ಲಿ ಕೆಳಗಿಳಿಸುವಂತಿಲ್ಲ ಎಂದು ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಹೇಳುತ್ತದೆ. ಹಳೆಯ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯೊಂದನ್ನು ಸೃಷ್ಟಿಸಿಯಾದರೂ ಇಟ್ಟುಕೊಳ್ಳಬೇಕು. ಖಾಸಗಿ ಕಂಪನಿಗಳಿಗೆ ಈ ಕಟ್ಟುಪಾಡು ಇಲ್ಲ. ಅಲ್ಲಿ ಹಗುರ ಕೆಲಸ, ಅರ್ಧ ದಿನದ ಪಾಳಿ, ಮನೆಯಿಂದ ಕೆಲಸ ಇವನ್ನೆಲ್ಲ ಫಿಟ್‌ನೆಸ್ ಸರ್ಟಿಫಿಕೇಟಿನ ಜೊತೆಗೇ ಲಿಖಿತವಾಗಿ ಕೇಳಬೇಕು. ಎಷ್ಟು ಭಾರ ಎತ್ತಬಹುದು, ಎಷ್ಟು ಹೊತ್ತು ನಿಲ್ಲಬಹುದು ಎಂಬುದನ್ನು ಡಾಕ್ಟರಿಂದಲೇ ಆ ಸರ್ಟಿಫಿಕೇಟಿನಲ್ಲಿ ಬರೆಸಿಕೊಂಡು ಹೋದರೆ, ಮೇಲಿನವರೊಡನೆ ವಾದ ಮಾಡುವ ಕೆಲಸ ಅರ್ಧ ಕಡಿಮೆಯಾಗುತ್ತದೆ.